ಚಿಪ್ಪು ಬಡಿದು ನೋಡುವ ವಿಧಾನ

ಕುಂದಾಪುರದ ನಮ್ಮ ಹೊಳೆಯ ಕಪ್ಪೆಚಿಪ್ಪಿನ ಬಗ್ಗೆ ಬರೆದ ಪ್ರಬಂಧವನ್ನು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದೆ. ನಾಲ್ಕು ತಿಂಗಳ ಮೇಲೆ ಹೆಸರಿಲ್ಲದ ವಿಮರ್ಶಕರೊಬ್ಬರ ಪ್ರಶ್ನೆ ಬಂತು: ‘ಎಣಿಸಿದ ಚಿಪ್ಪುಗಳಲ್ಲಿ ಜೀವ ಇತ್ತೆಂದು ಹೇಗೆ ಖಚಿತಪಡಿಸಿಕೊಂಡಿರಿ?’

ನನಗೇನು ಗೊತ್ತು! ಹೊಳೆಗಿಳಿದು ಹೆಕ್ಕಿ ಕೊಟ್ಟದ್ದು ಚಿಪ್ಪು ಹೆಕ್ಕುವುದರಲ್ಲೇ ಪಳಗಿದ ನಮ್ಮೂರ ಸುಬ್ಬಕ್ಕ. ನಾನು ದಡದಲ್ಲಿ ಕೂತು ಎಣಿಸಿದವನು. ಮೂರು ದಿನ ಊಟ ಸೇರಲಿಲ್ಲ. ಕೊನೆಗೆ ಹೊಳೆಯ ನೀರು ಇಳಿಯುವ ಹೊತ್ತು ನೋಡಿ ಅವರನ್ನೇ ಕೇಳಲು ಹೋದೆ.

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಸುಬ್ಬಕ್ಕ ಎರಡು ಚಿಪ್ಪನ್ನು ಒಂದಕ್ಕೊಂದು ಬಡಿದರು. ಟಕ್. ಮತ್ತೊಂದನ್ನು ತೆಗೆದು ಬಡಿದರು. ಡಬ್.

“ಡಬ್ ಅಂದ್ರೆ ಒಳ್ಗೆ ಜೀವ ಇಲ್ಲೆ, ಬರೀ ಕೆಸ್ರ್. ಇದೊಂದ್ ಬಿದ್ರೆ ಇಡೀ ಮಡ್ಕಿ ಸಾರ್ ಹಾಳ್. ನಂಗ್ ಗೊತ್ತಾತ್ತಿಲ್ಯಾ?”

ಅದನ್ನೇ, ಸಾರಿನ ಮಡಕೆಯನ್ನೂ ಬಿಡದೆ, ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ವಾರದೊಳಗೆ ಒಪ್ಪಿಗೆ ಬಂತು! ‘ಅತ್ಯಂತ ನಂಬಲರ್ಹ ವಿಧಾನ’ ಎಂಬ ಷರಾ ಬೇರೆ. ಕೋಟೇಶ್ವರದಿಂದ ಬರುವ ಬಸ್ಸಿನಲ್ಲಿ ಅದನ್ನೋದಿ ಸೀಟಿನಿಂದ ಹಾರಿಬಿಟ್ಟೆ. ನನಗೆ ಇಳಿಯುವ ಅವಸರವೆಂದುಕೊಂಡ ಕಂಡಕ್ಟರ್ ಸೀಟಿ ಊದಿಯೇಬಿಟ್ಟ. ಇಳಿದವನು ಸೀದಾ ಹೊಳೆಗೆ ಓಡಿದೆ.

“ಸುಬ್ಬಕ್ಕಾ, ಅವ್ರ್ ಒಪ್ಪಿದ್ರ್!”

“ಯಾರ್ ಅವ್ರ್?”

“ಗೊತ್ತಿಲ್ಲೆ. ಅವ್ರ್ ಹೆಸ್ರ್ ಹೇಳೂಕಿಲ್ಲೆ, ಅದೇ ನಿಯಮ.”

“ಹೆಸ್ರೇ ಹೇಳ್ದಿದ್ದವ್ರಿಗೆ ಹೆದ್ರಿ ಮೂರ್ ದಿನ ಊಟ ಬಿಟ್ಯಾ ಮಗಾ?” ಎಂದವರೇ ಸುಬ್ಬಕ್ಕ ಬೆರಳ ಗೆಣ್ಣಿನಿಂದ ನನ್ನ ತಲೆಗೊಂದು ಕುಟ್ಟಿ, ಕಿವಿಗೊಟ್ಟು ಕೇಳಿದರು.

ಫಲಿತಾಂಶ ಇಲ್ಲಿ ಬರೆಯುವುದಿಲ್ಲ. ವಿಧಾನ ಮಾತ್ರ ಅತ್ಯಂತ ನಂಬಲರ್ಹ.