ಕೋಲ್ಡ್ ರೂಮಿನ ಮುಂದಿನ ದೀಪ

ಇದು ಕಳೆದ ವರ್ಷದ ಶಿವರಾತ್ರಿಯ ಮಾತು. ನಮ್ಮ ಬಂಡಳ್ಳಿ ಕಡೆಯವರಿಗೆ ಶಿವರಾತ್ರಿ ಎಂದರೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ. ಆದರೆ ಟೊಮೇಟೊಗೆ ಹರಕೆ ಗಿರಕೆ ಗೊತ್ತಾಗುತ್ತದೆಯೇ? ಪ್ರತಿ ಸಲವೂ ಸರಿಯಾಗಿ ಅದೇ ವಾರ ಹಣ್ಣಾಗಿ ಕೂರುತ್ತಿತ್ತು. ಅವಸರಕ್ಕೆ ಕಿತ್ತು ಕೊಳ್ಳೇಗಾಲದ ಮಂಡಿಗೆ ಒಯ್ದರೆ, ನಾವು ವಾಪಸ್ ತರಲಾರೆವು ಎಂದು ವ್ಯಾಪಾರಿಗೂ ಗೊತ್ತು. ಅವನು ಹೇಳಿದ್ದೇ ರೇಟು. ದೊಡ್ಡ ಬೆಳೆಗಾರರು ಕಾಯಬಲ್ಲರು, ತುಂಡು ಜಮೀನಿನವರಾದ ನಾವು ಎಲ್ಲಿ ಕಾಯುವುದು?

ಆ ವರ್ಷ ಜಪಾನ್ ದೇಶದ ನೆರವಿನಿಂದ ನಮ್ಮ ಹೆಂಗಸರ ಗುಂಪಿಗೆ ಒಂದು ಕೋಲ್ಡ್ ರೂಮ್ ಬಂತು. ಸೋಲಾರ್ ಕರೆಂಟಿನಲ್ಲಿ ಹಣ್ಣು ತರಕಾರಿಯನ್ನು ತಣ್ಣಗಿಡುವ ಕೋಣೆ. ನನ್ನ ಬಾಯಿ ಸ್ವಲ್ಪ ಜೋರು. "ಬಿಸಿಲಲ್ಲಿ ತಣ್ಣಗಾಯ್ತದಾ? ಯಾರ ಕಿವಿಗೆ ಹೂ ಮಡಗ್ತೀರಿ?" ಎಂದು ನಕ್ಕು ಒಳಗೆ ಕಾಲಿಟ್ಟೆ. ಅಬ್ಬಾ! ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಧನುರ್ಮಾಸದ ಬೆಳಗಿನ ಚಳಿ. ಸೆರಗು ಹೊದ್ದುಕೊಂಡು ಗೋಡೆ ಮುಟ್ಟಿ ಮುಟ್ಟಿ ನೋಡಿದೆ.

ಅದನ್ನು ಕೂರಿಸಲು ಬಂದಿದ್ದ ಇಂಜಿನಿಯರ್ ಹೆಂಗಸನ್ನು ಊರೆಲ್ಲ 'ಜಪಾನಮ್ಮ' ಎನ್ನುತ್ತಿತ್ತು. ಹನೂರಿನಲ್ಲಿ ಉಳಿದುಕೊಂಡಿದ್ದರು. ಅವರ ಮಾತನ್ನು ಯೋಜನೆಯ ಮೇಡಂ ಒಬ್ಬರು ಕನ್ನಡದಲ್ಲಿ ತಿಳಿಸುತ್ತಿದ್ದರು. ಒಂದನ್ನಂತೂ ಸಾರಿ ಸಾರಿ ಹೇಳಿದ್ದರು. ಬಾಗಿಲು ಸದಾ ಮುಚ್ಚಿರಬೇಕು, ತೆರೆದಿಟ್ಟರೆ ಬ್ಯಾಟರಿ ಬರಿದಾಗಿ ಮೆಶೀನು ನಿಲ್ಲುತ್ತದೆ, ಒಳಗಿನದೆಲ್ಲ ಹಾಳು.

ಬೆಟ್ಟಕ್ಕೆ ಹೊರಡುವ ಮುಂಚೆ ಗುಂಪಿನವರೆಲ್ಲ ಟೊಮೇಟೊ ಕಿತ್ತು, ಒಂದೇ ಸೈಜಿನವನ್ನು ಆರಿಸಿ ಕ್ರೇಟು ತುಂಬಿ ಒಳಗಿಟ್ಟೆವು. ನಾವು ಹಿಂತಿರುಗುವ ದಿನ ಬೆಂಗಳೂರಿನ ಕಂಪನಿಯೊಂದರ ಲಾರಿ ಬರುವುದಿತ್ತು. ಹಣ್ಣು ಒಪ್ಪಿಗೆಯಾದರೆ ಇನ್ನು ಮುಂದೆ ನಮ್ಮಿಂದಲೇ ಕೊಳ್ಳುತ್ತಾರೆ. ಕೊಳೆತಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಅನುಮಾನಪಡುತ್ತಿದ್ದವರನ್ನೆಲ್ಲ ಒಪ್ಪಿಸಿ ಹಣ್ಣು ಇಡಿಸಿದವಳು ನಾನೇ.

ನಡೆಯುತ್ತಾ ಬೆಟ್ಟದ ಬುಡದ ತಾಳಬೆಟ್ಟ ತಲುಪಿ ದಣಿವಾರಿಸಿಕೊಳ್ಳಲು ಕೂತಾಗ ನಮ್ಮತ್ತೆ ನಿಧಾನಕ್ಕೆ ಬಾಯಿ ಬಿಟ್ಟರು.

"ಮಾದೇವಿ, ಆ ಫ್ರಿಜ್ ಮನೇಲಿ ದೀಪ ಅಚ್ಚಿಟ್ಟು ಬಂದಿವ್ನಿ ಕಣವ್ವ. ಬಾಗ್ಲೂ ತೆಗ್ದೇ ಮಡಗಿವ್ನಿ."

"ಏನಂದ್ರಿ ಅತ್ತೆ?"

"ಹೊಸ ಮನೆ ಅಲ್ವಾ? ಒಕ್ಕಲಾದ ದಿನ ಬಾಗ್ಲು ಆಕ್ಬಾರ್ದು, ದೀಪ ಆರ್ಬಾರ್ದು. ಲಕ್ಷ್ಮಿ ಎಂಗ್ ಬತ್ತಾಳೆ? ಪಕ್ಕದ್ಮನೆ ಚಿಕ್ಕತಾಯಿಗೂ ಮುಚ್ಚಬ್ಯಾಡ ಅಂತ ಯೋಳಿ ಬಂದಿವ್ನಿ."

"ಅಯ್ಯೋ ಅತ್ತೆ, ಎಲ್ಲಾರ ಬೆಳೆನೂ ಬೇಯಿಸ್ಬುಟ್ರಲ್ಲ!" ಎಂದು ಕೂಗಿಬಿಟ್ಟೆ. ಪಾಪ, ಅವರ ಮುಖ ಸಣ್ಣದಾಯಿತು. ಕಾಡಿನಲ್ಲಿ ಸಿಗ್ನಲ್ ಇಲ್ಲ, ಹರಕೆ ಹೊತ್ತು ಅರ್ಧ ದಾರಿಯಿಂದ ತಿರುಗುವಂತಿಲ್ಲ. ಬೆಟ್ಟದ ಮೇಲೆ ಆ ಜನಜಂಗುಳಿಯಲ್ಲಿ ಎಷ್ಟು ಒತ್ತಿದರೂ ಫೋನ್ ಹತ್ತಲಿಲ್ಲ. ಎಲ್ಲರೂ ಉಘೇ ಎನ್ನುತ್ತಿದ್ದರೆ ನಾನು, "ಮಾದಪ್ಪ, ನನ್ನ ಮಾನ ಉಳಿಸು" ಎಂದು ಅಳುತ್ತಿದ್ದೆ.

ವಾಪಸ್ ಬಂದು ಬಸ್ಸಿಳಿದವಳೇ ಓಡಿದೆ. ಬಾಗಿಲು ಭದ್ರವಾಗಿ ಮುಚ್ಚಿತ್ತು. ಹೊಸ್ತಿಲ ಪಕ್ಕ, ಗಾಳಿಗೆ ಅಡ್ಡವಾಗಿ ನಿಲ್ಲಿಸಿದ ಕ್ರೇಟಿನ ಮರೆಯಲ್ಲಿ ನಮ್ಮತ್ತೆಯ ಮಣ್ಣಿನ ದೀಪ ಉರಿಯುತ್ತಿತ್ತು.

ಬಾಗಿಲು ತೆಗೆದೆ. ಅದೇ ಚಳಿ. ಹಣ್ಣು ಆಗಷ್ಟೇ ಗಿಡದಿಂದ ಕಿತ್ತಂತಿತ್ತು, ತೊಟ್ಟು ಕೂಡ ಹಸಿರಾಗಿಯೇ ಇತ್ತು. ಒಂದನ್ನು ಗಲ್ಲಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಅಷ್ಟರಲ್ಲಿ ಚಿಕ್ಕತಾಯಮ್ಮ ಬಂದರು. "ನೀವು ಒಂಟೋದ ಗಳಿಗೆಗೇ ಜಪಾನಮ್ಮ ಬಂದ್ಲು ಕಣವ್ವ. ದೀಪ ಕೆಡಿಸ್ಬುಡ್ತಾಳೇನೋ ಅಂತ ನಾನು ಓಡ್ಬಂದೆ. ಇಲ್ಲ ಕಣವ್ವ! ಚಪ್ಪಲಿ ಬುಟ್ಟು, ಎರಡೂ ಕೈಲಿ ದೀಪ ಎತ್ಕಂಡು ಬಂದು ಇಲ್ಲಿ ಮಡಗಿ ಬಾಗ್ಲಾಕುದ್ಲು. ಆಮೇಕೆ ದಿನಾ ಹನೂರಿಂದ ಬಂದು ಎಣ್ಣೆ ಉಯ್ತಿದ್ಲು."

ಲಾರಿ ಬಂತು. ಕಂಪನಿಯವರು ಕ್ರೇಟಿನ ತಳದವರೆಗೂ ಕೈ ಹಾಕಿ ನೋಡಿ, ಒಂದನ್ನೂ ಪಕ್ಕಕ್ಕೆ ಎಸೆಯದೆ ತುಂಬಿಸಿಕೊಂಡರು. ಮುಂದಿನ ಕೊಯ್ಲು ಯಾವಾಗ ಎಂದು ಅವರೇ ಕೇಳಿದರು.

ಸಂಜೆ ಜಪಾನಮ್ಮ ಬಂದಾಗ ನಮ್ಮತ್ತೆ ಅವರ ಹಣೆಗೆ ಮಾದಪ್ಪನ ವಿಭೂತಿ ಹಚ್ಚಿ, "ತಪ್ಪಾಯ್ತು ತಾಯಿ. ಆದ್ರೆ ದೀಪ ಯಾಕ್ ಆರಿಸ್ನಿಲ್ಲ ನೀನು?" ಎಂದರು. ಜಪಾನಮ್ಮ ಹೇಳಿದ್ದನ್ನು ಮೇಡಂ ನಮಗೆ ತಿಳಿಸಿದರು. "ಹಣ್ಣು ಉಳಿಯಲು ಬಾಗಿಲು ಮುಚ್ಚಬೇಕಿತ್ತು. ದೀಪ ಆರಿಸಬೇಕಾಗಿರಲಿಲ್ಲ."

ಎಷ್ಟೋ ದೂರದ ದೇಶದಿಂದ ಬಂದ ಯಂತ್ರ ನೋಡಿ ಬೆರಗಾಗಿದ್ದೆ. ಯಂತ್ರದ ಜೊತೆ ಇಂಥ ಮನಸ್ಸೂ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆ ಮಾತು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಜಪಾನಮ್ಮ ಊರಿಗೆ ಹೋಗಿಯಾಯಿತು. ಇವತ್ತಿಗೂ ಪ್ರತಿ ಬೆಳೆಯ ಮೊದಲ ಕೊಯ್ಲಿನ ದಿನ ನಮ್ಮತ್ತೆ ಅಲ್ಲಿ ದೀಪ ಹಚ್ಚುತ್ತಾರೆ, ಹೊಸ್ತಿಲಿನ ಆಚೆ. ಬಾಗಿಲನ್ನು ಮಾತ್ರ ಯಾರಿಗೂ ಬಿಡದೆ ತಾವೇ ಮುಚ್ಚಿ, ಗಟ್ಟಿಯಾಗಿ ಎಳೆದು ನೋಡುತ್ತಾರೆ.