ಕತ್ತಲು ಕಾಯುವ ಗೇಟಕ್ಕ

ಇನ್ನೂ ಬೆಳಕು ಹರಿದಿಲ್ಲ. ಶಾಲೆಯ ಮೈದಾನದಲ್ಲಿ ಗೇಟಿನ ಬಳಿ ಒಂದೇ ಒಂದು ಮಂಕು ದೀಪ ಉರಿಯುತ್ತಿದೆ. ಉಳಿದ ಕಂಬಗಳೆಲ್ಲ ಸುಮ್ಮನೆ ನಿಂತಿವೆ. ಆ ಕತ್ತಲಲ್ಲೇ ಒಬ್ಬಾಕೆ ಕಸ ಗುಡಿಸುತ್ತಿದ್ದಾರೆ. ಪಕ್ಕದಲ್ಲೇ ಹತ್ತಾರು ಹೆಂಗಸರು ಹರಟುತ್ತಾ ಸುತ್ತು ಹಾಕುತ್ತಿದ್ದಾರೆ. ಗೇಟಿನ ಮೆಟ್ಟಿಲು ಎಡವಿದ ನಾನು ಕೇಳುತ್ತೇನೆ: "ಕಂಬದ ದೀಪಗಳು ಕೆಟ್ಟಿವೆಯಾ ಅಕ್ಕಾ?"

"ಕೆಟ್ಟಿಲ್ಲ ಮೇಡಂ. ನಾನೇ ಹಾಕಿಲ್ಲ."

ಇದೆಂಥ ವಿಚಿತ್ರ ಎಂದು ಕುತೂಹಲ ಕೆರಳಿ, ಪತ್ರಿಕೆಗೆ ಬರೆಯುವ ನಾನು ನೋಟ್‌ಬುಕ್ ತೆಗೆಯುತ್ತೇನೆ. ಗೇಟು ತೆಗೆಯುವುದು, ಗುಡಿಸುವುದು, ಗಂಟೆ ಹೊಡೆಯುವುದು ಎಲ್ಲ ಇವರದೇ ಕೆಲಸ. ಊರಿನ ಬಾಯಲ್ಲಿ ಇವರು ಗೇಟಕ್ಕ. ಗಂಡ ತೀರಿಕೊಂಡ ಮೇಲೆ ಅವರ ಕೆಲಸ ಇವರಿಗೆ ಬಂತು. ಗೇಟಿನ ಪಕ್ಕದ ಕೋಣೆಯಲ್ಲಿ ಮಗಳ ಜೊತೆ ವಾಸ. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಸಂಜೆವರೆಗೂ ಏಳುವಂತಿಲ್ಲ. ಮೈ ಬಂತು, ಮಂಡಿನೋವು ಬಂತು, ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂತು. ನಡೆಯಲೇಬೇಕು ಎಂದ ಡಾಕ್ಟರು ಎಲ್ಲಿ ನಡೆಯಬೇಕೆಂದು ಹೇಳಲಿಲ್ಲ. ಫುಟ್‌ಪಾತಿನ ತುಂಬ ಬೈಕುಗಳು, ಟೀ ಅಂಗಡಿಯ ಮುಂದೆ ಕೆಲಸವಿಲ್ಲದ ಕಣ್ಣುಗಳು.

"'ಭೂಮಿ ಅದುರ್ತಿದೆ, ದಾರಿ ಬಿಡ್ರೋ' ಅಂದ್ನಂತೆ ಒಬ್ಬ, ಮಗಳನ್ನ ನೋಡಿ. ಅವತ್ತಿಂದ ಕೆಲಸ ಬಿಟ್ರೆ ಮನೆ, ಮನೆ ಬಿಟ್ರೆ ಕೆಲಸ," ಎನ್ನುವಾಗ ಗೇಟಕ್ಕನ ಪೊರಕೆ ನಿಲ್ಲುತ್ತದೆ.

ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಮುಂಜಾನೆ ಗೇಟು ತೆರೆಯಲು ಒಪ್ಪಿಸಿದರು. ಮಗಳ ಜೊತೆ ಕಾರ್ಖಾನೆಯ ಗೆಳತಿಯರೂ ಬಂದರು. ಪಾಪ, ಎಡವಿ ಬಿದ್ದಾರು ಎಂದು ಎರಡನೇ ದಿನ ಗೇಟಕ್ಕ ಎಲ್ಲ ದೀಪಗಳನ್ನೂ ಝಗ್ಗನೆ ಹಾಕಿಬಿಟ್ಟರು. ಮೂರನೇ ದಿನ ಒಬ್ಬರೂ ಬರಲಿಲ್ಲ!

"ಬೆಳಕಲ್ಲಿ ರಸ್ತೆಯವ್ರಿಗೆಲ್ಲ ಕಾಣ್ತಿದ್ರಲ್ಲ. ನನ್ನ ಮಂಡೆಗೆ ಅದೆಲ್ಲಿ ಹೊಳೀಬೇಕು? ಮನೆಮನೆಗೆ ಹೋಗಿ ಕರ್ಕೊಂಡ್ಬಂದೆ. ಈಗ ಕಲ್ಲುಗಿಲ್ಲು ಇಲ್ದಂಗೆ ಅವ್ರು ನಡೆಯೋ ದಾರೀನ ಮೊದ್ಲೇ ಗುಡಿಸ್ತೀನಿ. ಸ್ವಿಚ್ ಮುಟ್ಟಲ್ಲ."

ಈಗ ಹೊಸ ತಲೆನೋವು. ಬೇಸಿಗೆ ಹತ್ತಿರವಾಗಿ ದಿನದಿನಕ್ಕೂ ಬೇಗ ಬೆಳಗಾಗುತ್ತಿದೆ; ಬೆಳಕು ಬಂದರೆ ಹೆಂಗಸರು ಜಾಗ ಖಾಲಿ ಮಾಡುತ್ತಾರೆ. ಇನ್ನೂ ಬೇಗ ಬನ್ನಿ ಎನ್ನೋಣವೆಂದರೆ, ಮನೆಮಂದಿಯ ಪಾತ್ರೆ ತೊಳೆದು ಅವರು ಮಲಗುವುದೇ ತಡವಾಗಿ. "ಕಂಬದ ದೀಪ ಆರಿಸ್ಬೋದು. ಸೂರ್ಯಂಗೆ ಸ್ವಿಚ್ ಎಲ್ಲಿದೆ ಮೇಡಂ?" ಎಂದು ನಗುತ್ತಾರೆ. ಮಗಳ ಸಕ್ಕರೆ ಈಗಷ್ಟೇ ಹತೋಟಿಗೆ ಬಂದಿದೆ. ನಡಿಗೆ ನಿಂತರೆ ಮತ್ತೆ ಮೊದಲಿನ ಕಥೆಯೇ ಎಂಬ ಭಯ ಆ ನಗುವಿನಲ್ಲೂ ಕಾಣುತ್ತದೆ.

ಮಾತಿನ ನಡುವೆ ಬೆಳ್ಳಗೆ ಬೆಳಗಾಗಿದೆ. ಚೆಂಡಾಟದ ಯುವಕರು ಗೇಟಿನಲ್ಲಿ ಬಂದು ನಿಂತಿದ್ದಾರೆ. ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೊರಡುತ್ತಾರೆ. ಮಗಳೂ ಗೇಟಿನವರೆಗೆ ಬರುತ್ತಾಳೆ, ಯುವಕರನ್ನು ನೋಡಿ ಒಂದು ಗಳಿಗೆ ನಿಲ್ಲುತ್ತಾಳೆ. ಆಮೇಲೆ ಏನನ್ನಿಸಿತೋ, ತಿರುಗಿ ಇನ್ನೊಂದು ಸುತ್ತು ಹಾಕಲು ಹೊರಟುಬಿಡುತ್ತಾಳೆ. ಒಬ್ಬಳೇ. ನನಗೋ ಖುಷಿ ತಡೆಯುವುದಿಲ್ಲ, ಕತ್ತು ಉದ್ದ ಮಾಡಿ ನೋಡುತ್ತೇನೆ.

ಗೇಟಕ್ಕ ತೋಳು ಹಿಡಿದು ನನ್ನನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾ ಪಿಸುಗುಡುತ್ತಾರೆ:

"ನೋಡ್ಬೇಡಿ ಮೇಡಂ. ಸುಮ್ನೆ ಏನಾದ್ರೂ ಬರೀತಾ ಇರಿ. ಅವಳು ಸುತ್ತು ಮುಗಿಸ್ಲಿ."