ಕೂಳೆ ಚಿಗುರಿದ ಹೊಲ

ಜೀಪು ನನ್ನ ಕೋಣೆಯ ಮುಂದೆ ಬಂದು ನಿಂತಾಗ ನಾನು ಚಹಾ ಕುಡಿಯುತ್ತಿದ್ದೆ. ಒಣಬೇಸಾಯ ಸಂಶೋಧನೆಯ ಸಾಹೇಬರು ಇಳಿದು ಒಳಗೆ ಬಂದರು. ಕುರ್ಚಿ ತೋರಿಸಿದೆ, ಕೂರಲಿಲ್ಲ.

“ನಿಮ್ಮಣ್ಣ ಹೊಲದ ಬೇಲಿ ತೆಗೆದಿಲ್ಲ ತಾನೆ?”

“ಗೊತ್ತಿಲ್ಲ. ಯಾಕ್ರಿ?”

“ಚಿಂಚೋಳಿ ಕಡೆ ಇದೇ ಥರದ ಹೊಲದಲ್ಲಿ ನಿನ್ನೆ ಎರಡು ಹಸು ಸತ್ತಿವೆ. ಕೊಯ್ದ ಜೋಳದ ಕೂಳೆ ಚಿಗುರು ತಿಂದು. ಬನ್ನಿ, ದಾರೀಲಿ ಹೇಳ್ತೀನಿ.”

ನಾನು ಅಂಗಿ ಹಾಕಿಕೊಂಡು ಜೀಪು ಹತ್ತಿದೆ.

ರಾಜ್ಯದ ಹೆಸರು ಬದಲಾಗಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಶಹಾಬಾದಿನಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ನಮ್ಮ ಊರು ವಾಡಿ ಮತ್ತು ಚಿತ್ತಾಪುರದ ನಡುವೆ, ರಾವೂರದಿಂದ ಸ್ವಲ್ಪ ಒಳಗೆ. ಅಲ್ಲಿ ಅಣ್ಣ ಒಕ್ಕಲುತನ ಮಾಡುತ್ತಿದ್ದ. ನಮ್ಮದು ಎರಡು ಕಡೆ ಹೊಲ. ಹಳ್ಳದ ದಂಡೆಯದು ಕಪ್ಪು ನೆಲ, ಹಿಂಗಾರಿ ಜೋಳ ಬೆಳೆಯುವಂಥದು. ಇನ್ನೊಂದು ಕಲ್ಲಿನ ಖಣಿಯ ಹತ್ತಿರ. ಅಲ್ಲಿ ಮೊಣಕೈ ಆಳದ ಮಣ್ಣಿನ ಕೆಳಗೇ ಫರ್ಸಿ ಕಲ್ಲು. ಮಳೆ ಬಂದರೆ ಬೇಗ ಹಸಿರಾಗುತ್ತದೆ, ಬಿಸಿಲು ಬಿದ್ದರೆ ಬೇಗ ಸುಡುತ್ತದೆ. ಇಂಥ ತೆಳು ನೆಲದಲ್ಲಿ ಕಾಳೂ ಮೇವೂ ಹೆಚ್ಚು ತೆಗೆಯಬಹುದೇ ಎಂದು ನೋಡುವುದು ಸಾಹೇಬರ ಕೆಲಸವಾಗಿತ್ತು. ಅಣ್ಣ ಆ ಹೊಲವನ್ನು ಪ್ರಯೋಗಕ್ಕೆ ಕೊಟ್ಟಿದ್ದ.

ಮುಂಗಾರಿನಲ್ಲಿ ಹೊಸ ಹೈಬ್ರಿಡ್ ಜೋಳ ಬಿತ್ತಿದರು. ಗಿಡ ಗಿಡ್ಡ, ತೆನೆ ದಪ್ಪ. ನಮ್ಮ ಹಿಂಗಾರಿ ಬಿತ್ತನೆಗೂ ಮೊದಲೇ ಅದು ಕೊಯ್ಲಿಗೆ ಬಂತು. ಕೊಯ್ದ ಮೇಲೆ ಸಾಹೇಬರು, ನೆಲದಲ್ಲಿ ಉಳಿದ ಕೂಳೆಯನ್ನು ಹಾಗೇ ಬಿಡಿ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ, ಎರಡನೆಯ ಸಲ ಮೇವು ಎಷ್ಟು ಬರುತ್ತದೆ ಎಂದು ತೂಗಿ ನೋಡಬೇಕು, ನಾನು ಬರುವವರೆಗೆ ಮುಳ್ಳು ಬೇಲಿ ಹಾಕಿಡಿ ಎಂದಿದ್ದರು. ಅಣ್ಣ ಜಾಲಿಮುಳ್ಳು ಕಡಿದು ಬೇಲಿ ಹಾಕಿದ್ದ.

ಆ ಬೇಲಿಯೇ ಊರಿಗೆ ತಡೆಯಲಾಗದ ವಿಷಯ. ನಮ್ಮಲ್ಲಿ ತೆನೆ ಮನೆಗೆ ಹೋದ ಮೇಲೆ ಹೊಲ ಒಬ್ಬರದಲ್ಲ. ಮೊದಲು ಆ ಹೊಲದಲ್ಲಿ ದುಡಿದ ಎತ್ತುಗಳು ಇಳಿದು ಮೇಯಬೇಕು, ಆಮೇಲೆ ಊರ ದನವೆಲ್ಲ. ಕೊಯ್ದ ಹೊಲಕ್ಕೆ ಮುಳ್ಳು ಹಚ್ಚುವುದೆಂದರೆ ಉಣ್ಣಲು ಬಂದವರ ಮುಂದೆ ಬಾಗಿಲು ಹಾಕಿಕೊಂಡ ಹಾಗೆ. ಹಿಂದಿನ ವಾರ ನಾನು ಊರಿಗೆ ಹೋದಾಗ ಅಣ್ಣ ಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟಿದ್ದ. ಅಲ್ಲಿ ಅವನಿಗೆ ‘ಸರಕಾರದ ಅಳಿಯ’ ಎಂದು ಹೆಸರು ಬಿದ್ದಿತ್ತು. “ಅಳಿಯಂದಿರೇ, ಮಾವನ ಹೊಲಕ್ಕ ಪೊಲೀಸ್ರನ್ನ ಯಾವಾಗ ಕರಸ್ತೀರಿ?” ಎಂದು ಕೇಳಿದವನೊಬ್ಬ ನನ್ನೆದುರೇ ನಕ್ಕಿದ್ದ.

ಜೀಪು ವಾಡಿಯ ಕಡೆ ಹೊರಟಿತು. ಸಾಹೇಬರು ಹೇಳಿದ್ದು ಇಷ್ಟು: ಎಳೆ ಜೋಳದಲ್ಲಿ ಒಂದು ವಿಷ ಇರುತ್ತದೆ. ಗಿಡ ಬೆಳೆದಂತೆ ಅದು ಇಳಿಯುತ್ತದೆ. ನೀರಿಲ್ಲದೆ ಕುಗ್ಗಿದ ಚಿಗುರಿನಲ್ಲಿ ಏರುತ್ತದೆ. ಹಸಿದ ದನ ಹೊಟ್ಟೆ ತುಂಬ ತಿಂದರೆ ಉಸಿರು ಕಟ್ಟಿ ಬೀಳುತ್ತದೆ.

ಎಳೆ ಜೋಳ ನಂಜು ಎನ್ನುವುದು ನಮ್ಮ ಊರಿನಲ್ಲಿ ಯಾರಿಗೂ ಹೊಸದಲ್ಲ. ಮಳೆ ಕೈಕೊಟ್ಟಾಗ ಮೊಣಕಾಲೆತ್ತರದ ಬೆಳೆಗೆ ದನ ಹೋಗದಂತೆ ಎಲ್ಲರೂ ಕಾಯುತ್ತಾರೆ. ಆದರೆ ಕೊಯ್ದ ಹೊಲದಲ್ಲಿ ನಂಜು ಎಂದರೆ ಯಾರೂ ನಂಬುವಂತಿರಲಿಲ್ಲ. ನಮ್ಮ ಹಿಂಗಾರಿ ಜೋಳ ಬೇಸಿಗೆಯ ಬಾಗಿಲಲ್ಲಿ ಕೊಯ್ಲಾಗುತ್ತದೆ. ಆಗ ಮಳೆಯಿಲ್ಲ, ಕೂಳೆ ಒಣಗಿ ಬೆಂಡಾಗಿರುತ್ತದೆ. ಅದನ್ನು ತಿಂದು ದನ ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ಹೊಸ ಜೋಳ ಮಾತ್ರ ಮಳೆಗಾಲ ಮುಗಿಯುವ ಮೊದಲೇ ಕೊಯ್ಲಾಗಿತ್ತು. ಒಂದು ಸಣ್ಣ ಮಳೆಗೆ ಕೂಳೆ ಚಿಗುರಿತ್ತು. ಆಮೇಲೆ ಬಿಸಿಲು ಹಿಡಿದಿತ್ತು.

“ಬೇಲಿ ಹಾಕು ಅಂದಾಗ ಇದನ್ನೂ ಹೇಳಿದ್ರೇನು?” ಎಂದು ಕೇಳಿದೆ.

“ಇಲ್ಲ,” ಎಂದರು. “ನಮ್ಮ ಫಾರ್ಮಿನಲ್ಲಿ ಕೊಯ್ದ ಮೇಲೆ ಯಾರೂ ದನ ಬಿಡಲ್ಲ. ನನಗದು ಹೊಳೀಲೇ ಇಲ್ಲ.”

ವಾಡಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಸಿಮೆಂಟಿನ ವ್ಯಾಗನ್‌ಗಳು ಒಂದರ ಹಿಂದೊಂದು ನಿಧಾನವಾಗಿ ಹೋದವು, ನಡುವೆ ಗಾಡಿ ನಿಂತೂ ಬಿಟ್ಟಿತು. ಡ್ರೈವರ್ ಬೀಡಿ ಹಚ್ಚಿದ. ನನಗೆ ಊರ ದನ ಹೊರಡುವ ಹೊತ್ತು ಗೊತ್ತಿತ್ತು. ಅಣ್ಣನ ಸ್ವಭಾವವೂ ಗೊತ್ತಿತ್ತು. ಬೈದರೆ ತಡೆದುಕೊಳ್ಳುತ್ತಾನೆ, ನಕ್ಕರೆ ತಡೆದುಕೊಳ್ಳುವುದಿಲ್ಲ. ಹಳ್ಳದ ದಂಡೆಯ ಹೊಲ ಹದಕ್ಕೆ ಬಂದಿದೆ, ಎರಡು ಮೂರು ದಿನದಲ್ಲಿ ಬಿತ್ತನೆ ಎಂದು ಅವನು ಹೇಳಿ ಕಳಿಸಿದ್ದ. ಬಿತ್ತುವುದಕ್ಕೆ ಇದ್ದದ್ದು ಎರಡೇ ಎತ್ತು. ಒಂದು ನಮ್ಮದು, ಇನ್ನೊಂದು ಪಕ್ಕದ ಹೊಲದ ಚಾಚಾನದು. ಎರಡೂ ಮನೆಯಲ್ಲಿ ಒಂದೊಂದೇ ಎತ್ತು. ಅವನ್ನು ಜೋಡಿ ಮಾಡಿ ಮೊದಲು ಒಬ್ಬರ ಹೊಲ, ಆಮೇಲೆ ಇನ್ನೊಬ್ಬರ ಹೊಲ ಬಿತ್ತುವುದು ನಮ್ಮಪ್ಪನ ಕಾಲದಿಂದ ನಡೆದಿತ್ತು. ಒಂದು ಎತ್ತು ಹೋದರೂ ಎರಡು ಮನೆಯ ಬಿತ್ತನೆ ನಿಲ್ಲುತ್ತದೆ.

ಗೇಟು ಎದ್ದಿತು. ರಾವೂರ ದಾಟಿ, ಕಲ್ಲಿನ ಬಂಡಿಗಳ ಹಿಂದೆ ಹಾರ್ನ್ ಬಾರಿಸುತ್ತ, ಖಣಿಯ ತಿರುವಿಗೆ ಬಂದೆವು. ಅಲ್ಲಿಂದ ನಮ್ಮ ಹೊಲ ಕಾಣುತ್ತದೆ. ಬೇಲಿ ಇರಲಿಲ್ಲ. ಮುಳ್ಳಿನ ಕಂಟಿಗಳನ್ನು ಎಳೆದು ಬದುವಿನ ಮೇಲೆ ಒಟ್ಟಿದ್ದರು. ಹಸಿರಿನ ನಡುವೆ ಎರಡು ಬಿಳಿ ಎತ್ತು ತಲೆ ಬಗ್ಗಿಸಿ ಮೇಯುತ್ತಿದ್ದವು. ಬದುವಿನ ಆಚೆ ಊರ ದನವೆಲ್ಲ ನಿಂತಿತ್ತು, ದುಡಿದ ಎತ್ತುಗಳ ಸರದಿ ಮುಗಿಯಲೆಂದು ಕಾಯುವಂತೆ.

ಅಣ್ಣ, ಚಾಚಾ ಬದುವಿನ ಮೇಲೆ ಕೂತಿದ್ದರು. ಜೀಪು ಕಂಡು ಅಣ್ಣ ಎದ್ದು ನಿಂತ. ಬೇಲಿ ತೆಗೆದದ್ದಕ್ಕೆ ಸಾಹೇಬರು ಬೈಯಬಹುದೆಂದು ಅವನು ಮೊದಲೇ ಶುರು ಮಾಡಿದ: “ಸಾಹೇಬ್ರ, ನೀವು ಬೇಕಾದ್ದು ಅನ್ರಿ. ನಾ ಈ ಊರಾಗ ಬಾಳ್ವಿ ಮಾಡಬೇಕು.”

“ಎತ್ತು ಹೊರಗೆ ಹಾಕಿ! ಹೊರಗೆ ಹಾಕಿ ಮೊದಲು!” ಎಂದು ಸಾಹೇಬರು ಓಡಿದರು. ನಾನು ಊರ ದನದ ಕಡೆ ಓಡಿ ದನ ಕಾಯುವವನಿಗೆ ಹಿಂದೆ ಹೊಡಿ ಎಂದು ಕೂಗಿದೆ. ಅವನು ಬೈದುಕೊಳ್ಳುತ್ತಲೇ ಹೊಡೆದ. ಆ ದನ ಒಂದೂ ಹೊಲಕ್ಕೆ ಇಳಿದಿರಲಿಲ್ಲ.

ಎತ್ತುಗಳನ್ನು ಬೇವಿನ ನೆರಳಿಗೆ ತಂದರು. ಎರಡೂ ನೆಟ್ಟಗೆ ನಿಂತಿದ್ದವು. ಚಾಚಾ ತಮ್ಮ ಎತ್ತಿನ ಮೂತಿ ಒರೆಸಿ ನಕ್ಕರು.

“ಕೊಯ್ದ ಹೊಲದಾಗ ನಂಜು ಎಲ್ಲಿಂದ ಬರ್ತದ್ರಿ ಸಾಹೇಬ್ರ? ನಿಮ್ಮ ಜ್ವಾಳ ಸತ್ತ ಮ್ಯಾಲೂ ದೆವ್ವಾಗಿ ಕಾಡ್ತದೇನು?”

ಸ್ವಲ್ಪ ಹೊತ್ತಿಗೆ ನಮ್ಮ ಎತ್ತಿನ ತೊಡೆಯ ಚರ್ಮ ಅದುರತೊಡಗಿತು. ನೊಣ ಕೂತಿರಬೇಕು ಎಂದುಕೊಂಡೆ. ಆಮೇಲೆ ಬಾಯಿಂದ ನೊರೆ ಬಂತು. ಅದು ಹಿಂದಿನ ಕಾಲು ಅಗಲಿಸಿ, ಕುತ್ತಿಗೆ ಚಾಚಿ, ಓಡಿ ಬಂದದ್ದರಂತೆ ಉಸಿರೆಳೆಯತೊಡಗಿತು. ಚಾಚಾ ತಮ್ಮ ಎತ್ತಿನ ಕಡೆ ತಿರುಗಿದರು. ಅದೂ ತಲೆ ಇಳಿಬಿಟ್ಟಿತ್ತು.

“ಯಾ ಅಲ್ಲಾ,” ಎಂದರು ಮೆಲ್ಲಗೆ.

ನಮ್ಮ ವೈನಿ, ಅಣ್ಣನ ಹೆಂಡತಿ, ಮನೆಯಿಂದ ಬೆಲ್ಲದ ನೀರು ತಂದಳು. ನಂಜಿಗೆ ಊರಿನಲ್ಲಿ ಕೊಡುತ್ತಿದ್ದದ್ದು ಅದೇ. ಅಣ್ಣ ಬಿದಿರಿನ ಗೊಟ್ಟ ಹಿಡಿದು ಎತ್ತಿನ ಗಂಟಲಿಗೆ ಹೊಯ್ಯುತ್ತಿದ್ದಂತೆ ನಾನು ಡ್ರೈವರನ ಜೊತೆ ಚಿತ್ತಾಪುರಕ್ಕೆ ಹೊರಟೆ. ಸಾಹೇಬರು ಅಲ್ಲೇ ಉಳಿದರು.

ದನದ ಡಾಕ್ಟರು ಆಸ್ಪತ್ರೆಯಲ್ಲೇ ಇದ್ದರು. ಜೋಳದ ನಂಜು ಎಂದೊಡನೆ ಎದ್ದು ಕಪಾಟು ತೆಗೆದರು.

“ಇಂಜೆಕ್ಷನ್ ಒಂದಕ್ಕ ಆಗೂವಷ್ಟ ಅದ. ಎಷ್ಟು ಎತ್ತು ಅಂದ್ರಿ?”

“ಎರಡು.”

“ಫೋಟೊ ಸ್ಟುಡಿಯೊದಾಗ ನಿಮಗ ಪರಿಚಯ ಅದೇನು? ಫೋಟೊ ತೊಳ್ಯೋ ಹೈಪೊ ಇಸಕೊಂಡ ಬರ್ರಿ. ಅದೂ ಇದೂ ಒಂದೇ. ಗೊಟ್ಟದಾಗ ಕುಡಸ್ತೀನಿ.”

ಪತ್ರಿಕೆಗೆ ಕಳಿಸುವ ಚಿತ್ರಗಳನ್ನು ಚಿತ್ತಾಪುರದಲ್ಲಿ ತೊಳೆಸುತ್ತಿದ್ದದ್ದರಿಂದ ಸ್ಟುಡಿಯೊದವನು ನನಗೆ ಬೇಕಾದವನೇ. ಎತ್ತಿಗೆ ಹೈಪೊ ಬೇಕು ಎಂದಾಗ ಅವನು ನನ್ನ ಮುಖವನ್ನೇ ನೋಡಿದ. “ಎತ್ತಿನ ಮದ್ವಿ ಫೋಟೊ ಅದ ಏನ್ರೀ?” ಎಂದ. ನಂಜು ಹತ್ತಿದೆ ಎಂದೆ. ಒಳಗೆ ಹೋಗಿ ಡಬ್ಬಿಯನ್ನೇ ತಂದುಕೊಟ್ಟ. ಸಕ್ಕರೆ ಹರಳಿನಂಥ ಬಿಳಿ ಪುಡಿ. ಹಿಂದಿರುಗುವಾಗ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳ ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ದಾರಿಯಲ್ಲಿ ಎದುರಿಗೆ ಬಂದ ಎತ್ತಿನ ಗಾಡಿಗಳನ್ನು ನೋಡುವುದೇ ಕಷ್ಟವಾಯಿತು.

ಹೊಲದ ಹತ್ತಿರ ಜನ ಸೇರಿದ್ದರು. ಅಣ್ಣನನ್ನು ಅಳಿಯ ಎಂದು ನಕ್ಕವನೂ ಇದ್ದ, ನೀರಿನ ಕೊಡ ಹೊತ್ತುಕೊಂಡು. ನಮ್ಮ ಎತ್ತು ಬಿದ್ದಿತ್ತು. ಕಾಲು ಬಡಿಯುತ್ತಿತ್ತು. ಚಾಚಾನ ಎತ್ತು ನಿಂತಿತ್ತು. ಇಬ್ಬರು ಎರಡೂ ಕಡೆಯಿಂದ ಹೆಗಲು ಕೊಟ್ಟು ಅದನ್ನು ನಿಲ್ಲಿಸಿದ್ದರು.

ಡಾಕ್ಟರು ಸಿರಿಂಜಿಗೆ ಔಷಧ ಎಳೆದುಕೊಂಡು, “ಇದು ಒಂದಕ್ಕ ಮಾತ್ರ,” ಎಂದರು.

“ಚಾಚಾನ ಎತ್ತಿಗಿ ಹಾಕ್ರಿ,” ಎಂದ ಅಣ್ಣ. “ಬೇಲಿ ತಗದಾಂವ ನಾನು.”

“ಹುಚ್ಚ ಆಗಿಯೇನೋ?” ಎಂದರು ಚಾಚಾ. “ಬಿದ್ದದ್ದಕ್ಕ ಮೊದಲ ಹಾಕ್ತಾರ. ಡಾಕ್ಟರ್ ಸಾಬ್, ಅವನ ಮಾತು ಕೇಳಬ್ಯಾಡ್ರಿ. ಅದಕ್ಕ ಹಾಕ್ರಿ.”

“ಚಾಚಾ, ನಾ ಹೇಳ್ಲಿಕತ್ತೀನಿ—”

“ನೀ ಏನ್ ಹೇಳ್ತಿ? ನಿಮ್ಮಪ್ಪಗ ನಾ ಏನ್ ಮಾರಿ ತೋರಸಲಿ?”

ಡಾಕ್ಟರಿಗೆ ಸಿಟ್ಟು ಬಂತು. “ನಿಮ್ಮ ಮರ್ಯಾದಿ ಆಮ್ಯಾಲ ಮಾಡಕೋರಿ! ಬಿದ್ದದ್ದು ಕೈ ಮೀರ್ಯಾದ. ನಿಂತದ್ದನ್ನ ಉಳಸ್ತೀನಿ. ಕೊಳ್ಳು ಹಿಡೀರಿ ಇದರದು.”

ಚಾಚಾನ ಎತ್ತಿನ ಕುತ್ತಿಗೆಗೆ ಸೂಜಿ ಚುಚ್ಚಿದರು. ಹೈಪೊ ಕರಗಿಸಿದ ನೀರನ್ನು ಗೊಟ್ಟದಲ್ಲಿ ಅದಕ್ಕೂ ಕುಡಿಸಿದರು, ನಮ್ಮದಕ್ಕೂ ಹೊಯ್ದರು. ನಮ್ಮ ಎತ್ತು ನುಂಗಲಿಲ್ಲ. ನೀರು ಬಾಯಿಯ ಅಂಚಿನಿಂದ ಮಣ್ಣಿಗೆ ಇಳಿಯಿತು. ಅಣ್ಣ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ಹೊಯ್ಯುತ್ತಿದ್ದ. ಕಾಲು ಬಡಿಯುವುದು ನಿಂತ ಮೇಲೂ ಹೊಯ್ಯುತ್ತಿದ್ದ. ಡಾಕ್ಟರು ಅವನ ಕೈಯಿಂದ ಗೊಟ್ಟ ತೆಗೆದುಕೊಂಡರು.

ಚಾಚಾನ ಎತ್ತು ಸಂಜೆಯ ಹೊತ್ತಿಗೆ ಕುಳಿತುಕೊಂಡಿತು. ಅದು ಕುಳಿತದ್ದೋ ಬಿದ್ದದ್ದೋ ಎಂದು ತಿಳಿಯದೆ ಎಲ್ಲರೂ ಸುತ್ತ ನಿಂತೆವು. ಡಾಕ್ಟರು ಅದರ ತುಟಿ ಎತ್ತಿ ವಸಡು ನೋಡಿದರು. ಚಾಚಾ ಮಾತ್ರ ದವಡೆಯನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ದವಡೆ ಒಮ್ಮೆ ಅಡ್ಡಕ್ಕೆ ಆಡಿತು, ನಿಂತಿತು, ಮತ್ತೆ ಆಡಿತು.

“ಮೆಲಕ ಹಾಕ್ಲಿಕತ್ತದ,” ಎಂದರು ಚಾಚಾ. ಅಷ್ಟು ಹೇಳಿ ನಮ್ಮ ಎತ್ತಿನ ಕಡೆ ತಿರುಗಿದರು.

ಮರುದಿನ ಅಣ್ಣ ಕುಡುಗೋಲು ಹಿಡಿದು ಕೂಳೆ ಚಿಗುರನ್ನೆಲ್ಲ ಕೊಯ್ದು ಒಣ ಹಾಕಿದ. ಸಾಹೇಬರು ಬಂದು ತೂಗಿದರು. ಪೂರ್ತಿ ಒಣಗಿದ ಮೇಲೆ ದನಕ್ಕೆ ಹಾಕಬಹುದು, ವಿಷ ಉಳಿಯುವುದಿಲ್ಲ ಎಂದರು. “ಈ ನೆಲಕ್ಕೆ ಇದು ಒಳ್ಳೆ ಮೇ—” ಎಂದು ಅರ್ಧಕ್ಕೇ ನಿಲ್ಲಿಸಿ ತಕ್ಕಡಿ ಎತ್ತಿಟ್ಟರು. ಆ ಮೇವನ್ನು ನಾವು ಹಾಕಲಿಲ್ಲ, ಊರಿನಲ್ಲಿ ಬೇರೆ ಯಾರೂ ಒಯ್ಯಲಿಲ್ಲ. ನಾನು ಪತ್ರಿಕೆಗೆ ಸಣ್ಣ ಸುದ್ದಿ ಕಳಿಸಿದೆ: ಮುಂಗಾರಿ ಹೈಬ್ರಿಡ್ ಜೋಳ ಕೊಯ್ದ ಹೊಲಕ್ಕೆ ಚಿಗುರು ಬಂದಾಗ ದನ ಬಿಡಬಾರದು. ಬೀಜ ಕೆಟ್ಟದ್ದು ಎಂದು ಬರೆಯಲಿಲ್ಲ. ಕೆಟ್ಟದ್ದಾಗಿರಲೂ ಇಲ್ಲ. ಆ ಸುದ್ದಿ ಸೇಡಂ ಕಡೆ ತಲುಪುವ ಹೊತ್ತಿಗೆ ಹೊಸ ಜೋಳದ ರೊಟ್ಟಿ ತಿಂದು ಮನುಷ್ಯರೇ ಸಾಯುತ್ತಾರೆ ಎಂದು ಬೆಳೆದಿತ್ತು. ಕೋಡ್ಲಾದಿಂದ ಬಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದು, ಮನೆಯಲ್ಲಿರುವ ಚೀಲ ಏನು ಮಾಡಲಿ ಎಂದು ಕೇಳಿದರು. ಕಾಳಿಗೆ ಏನೂ ಆಗುವುದಿಲ್ಲ ಎಂದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ.

ಹಳ್ಳದ ದಂಡೆಯ ಹೊಲ ಆರುತ್ತಿತ್ತು. ಮಣ್ಣಿನ ಹಸಿ ಬಿತ್ತುವ ಕೂರಿಗೆಗೆ ಸಿಗದಷ್ಟು ಕೆಳಗಿಳಿದರೆ ಕಾಳು ಮೊಳೆಯುವುದಿಲ್ಲ. ಚಾಚಾನ ಎತ್ತಿಗೆ ಇನ್ನೂ ನಡಿಗೆಯಲ್ಲಿ ತ್ರಾಣ ಬಂದಿರಲಿಲ್ಲ. ಬಿತ್ತುವ ದಿನಗಳಲ್ಲಿ ಯಾರೂ ಎತ್ತು ಎರವಲು ಕೊಡುವುದಿಲ್ಲ, ಕೇಳುವುದೂ ತಪ್ಪು. ಅಣ್ಣ ದಿನಾ ಬೆಳಗ್ಗೆ ಹೋಗಿ ಮಣ್ಣು ಕೆದರಿ ಹಸಿ ಎಷ್ಟು ಕೆಳಗೆ ಇಳಿಯಿತು ಎಂದು ನೋಡಿ ಬರುತ್ತಿದ್ದ. ಹಸಿ ಎಷ್ಟಿದೆ ಎಂದು ವೈನಿ ಕೇಳುವುದನ್ನೂ ನಿಲ್ಲಿಸಿದಳು.

ಕೊನೆಗೆ ಚಾಚಾ ರಾವೂರದ ತಮ್ಮ ನೆಂಟರಿಂದ ಒಂದು ಕೋಣ ಹೊಡೆದುಕೊಂಡು ಬಂದರು. ಖಣಿಯಲ್ಲಿ ಕಲ್ಲಿನ ಬಂಡಿ ಎಳೆಯುತ್ತಿದ್ದ ಪ್ರಾಣಿ. ಕೂರಿಗೆಯನ್ನು ಕಂಡದ್ದೇ ಇಲ್ಲ.

“ಎತ್ತು, ಕ್ವಾಣ ಒಂದೇ ನೊಗಕ್ಕ? ನಗ್ತಾರ ಚಾಚಾ,” ಎಂದ ಅಣ್ಣ.

“ನಗಲಿ ಬಿಡು. ಈಗ ನಗೋರ ಮಾತು ಕೇಳಂಗಿಲ್ಲ ನಾವು,” ಎಂದರು ಚಾಚಾ. “ನಿಮ್ಮ ಹೊಲ ಮೊದಲ.”

“ಪ್ರತಿ ವರ್ಷ ನಿಮ್ಮದೇ ಮೊದಲ.”

“ಈ ವರ್ಷ ನಿಮ್ಮದು. ಸುಮ್ಮ ಕೂರಿಗಿ ಹಿಡಿ.”

ಎತ್ತು ನಿಧಾನ, ಕೋಣ ಇನ್ನೂ ನಿಧಾನ. ಕೋಣ ತನ್ನ ಕಡೆ ಎಳೆದರೆ ಸಾಲು ಬಲಕ್ಕೆ ಬಾಗುತ್ತಿತ್ತು, ಎತ್ತು ದಣಿದು ನಿಂತರೆ ಕೂರಿಗೆಯೂ ನಿಲ್ಲುತ್ತಿತ್ತು. ಎತ್ತು ನಿಂತಾಗಲೆಲ್ಲ ಚಾಚಾ ಮುಂದೆ ಹೋಗಿ ಅದರ ಉಸಿರು ನೋಡುತ್ತಿದ್ದರು. ಅಷ್ಟು ಹೊತ್ತು ಅಣ್ಣ ಕಾಳಿನ ಉಡಿ ಹಿಡಿದು ಕಾಯುತ್ತಿದ್ದ. ಒಂದು ಸಲ ಅವನು ಬಗ್ಗಿ, ಆಗಷ್ಟೇ ಬಿತ್ತಿದ ಸಾಲಿನಲ್ಲಿ ಬೆರಳು ಇಳಿಸಿದ. ಬೆರಳು ಬುಡದವರೆಗೆ ಹೋಯಿತು. ಮೇಲೆ ತೆಗೆದು ತುದಿಯನ್ನು ನೋಡಿದ.

“ಹಸಿ ಸಿಕ್ತೇನು?” ಎಂದು ಚಾಚಾ ಕೇಳಿದರು.

“ತುದಿಗಿ ಹತ್ಯಾದ.”

“ಮತ್ತ ನಡಿ.”

ಚಾಚಾ ಎತ್ತಿನ ಬೆನ್ನು ತಟ್ಟಿದರು. ಅದು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಕಾಲು ಎತ್ತಿತು.